ಹಾಲಿ ಮಾಜಿ ಅಧ್ಯಕ್ಷ ಗಂಗುಲಪ್ಪನವರ ಆಡಳಿತಾವಧಿ

ಶ್ರೀ ಗಂಗುಲಪ್ಪನವರು ಎರಡು ಸಾವಿರದ ಎರಡನೇ ಇಸವಿಯಲ್ಲಿ ಹನ್ನೊಂದು ದಿನ ತಾಲ್ಲೂಕು ಪಂಚಾಯಿತಿ ಅಧ್ಯಕ್ಷರಾಗಿದ್ದರೆಂಬುದು ಕಡತದಲ್ಲಿ ದಾಖಲಾದ ಸಂಗತಿ. ಅಧ್ಯಕ್ಷರಾಗುವ ಒಂದೂಕಾಲು ಗಂಟೆ ಮೊದಲೇ ಅವರು ರಾಜೀನಾಮೆ ಕೊಟ್ಟಿದ್ದರೆಂಬುದೂ ಅದೇ ಕಡತದಲ್ಲಿದೆ. ಎರಡಕ್ಕೂ ದುಂಡು ಮೊಹರು ಬಿದ್ದಿರುವುದರಿಂದ ಯಾವುದನ್ನೂ ಸುಳ್ಳೆನ್ನುವಂತಿಲ್ಲ. ತಾಲ್ಲೂಕಿನ ಹೆಸರು ಮಾತ್ರ ಬೇಡ. ಹೇಳಿದರೆ ಜಿಲ್ಲೆಯ ಉಳಿದ ತಾಲ್ಲೂಕಿನವರು, ನಮ್ಮದನ್ನೇಕೆ ಬಿಟ್ಟಿರಿ ಎಂದು ಮುನಿಸಿಕೊಳ್ಳುತ್ತಾರೆ.

ಇಪ್ಪತ್ತು ತಿಂಗಳ ಅಧ್ಯಕ್ಷಗಿರಿಯನ್ನು ಐವರು ಸದಸ್ಯರು ತಲಾ ನಾಲ್ಕು ತಿಂಗಳಂತೆ ಹಂಚಿಕೊಳ್ಳತಕ್ಕದ್ದೆಂದು ಮುಖಂಡ ದೊಡ್ಡವೆಂಕಟಪ್ಪನವರು ತೀರ್ಮಾನಿಸಿದ್ದರು. ಐವರನ್ನೂ ಒಂದೇ ಜೀಪಿಗೆ ತುಂಬಿ ಕುರುಡುಮಲೆಗೆ ಕರೆದೊಯ್ದು, ಗಣಪತಿಯ ಮುಂದೆ ಆಣೆ ಹಾಕಿಸಿದರು. ವಾಪಸ್ಸು ಬರುವಾಗ ಮುಳಬಾಗಿಲಿನಲ್ಲಿ ದೋಸೆ ತಿನ್ನಿಸಿ, ಕೈ ತೊಳೆದು ಬಂದವರಿಂದ ಒಬ್ಬೊಬ್ಬರಂತೆ ತಾರೀಕಿಲ್ಲದ ರಾಜೀನಾಮೆ ಪತ್ರಕ್ಕೆ ಸಹಿ ಮಾಡಿಸಿ ಜೇಬಿಗಿಟ್ಟುಕೊಂಡರು. ದೇವರು ನೋಡಿಕೊಳ್ಳುತ್ತಾನೆ ನಿಜ, ಆದರೂ ಕಾಗದ ಕಾಗದವೇ.

ಗಂಗುಲಪ್ಪನವರದು ಕೊನೆಯ ಪಾಳಿ. ಮೊದಲನೆಯವರು ಮಗಳ ಮದುವೆ ಮುಗಿಯಲಿ ಎಂದರು. ಎರಡನೆಯವರು ಉಗಾದಿ ಕಳೆಯಲಿ ಎಂದರು. ಮೂರನೆಯವರು ಜೀಪಿಗೆ ಈಗ ತಾನೇ ಹೊಸ ಟೈರು ಹಾಕಿಸಿದ್ದೇನೆ, ಅದು ಸವೆಯಲಿ ಎಂದರು. ನಾಲ್ಕನೆಯವರು ಫೋನು ಎತ್ತುವುದನ್ನೇ ಬಿಟ್ಟರು. ಅವರ ಪತ್ರಗಳನ್ನು ದೊಡ್ಡವೆಂಕಟಪ್ಪನವರು ಹೊರಗೆ ತೆಗೆಯಲಿಲ್ಲವೇಕೆಂದರೆ, ಆ ನಾಲ್ವರೂ ಅವರ ನೆಂಟರು. ಹೀಗೆ ನಾಲ್ಕು ತಿಂಗಳು ಸವೆದು ಸವೆದು ಹನ್ನೊಂದು ದಿನಕ್ಕೆ ಬಂದು ನಿಂತಿತು.

ಗಂಗುಲಪ್ಪನವರಿಗೆ ಅಷ್ಟೇ ಧಾರಾಳವಾಗಿತ್ತು. ಅವರಿಗೆ ಬೇಕಾಗಿದ್ದುದು ಒಂದೇ ಒಂದು ಸಹಿ. ಅವರ ಊರು ಬೂರಗಕುಂಟೆಗೂ ಹಾಲಿನ ಡೈರಿಗೂ ನಡುವೆ ಐದಡಿ ಅಗಲದ ಒಂದು ಕಾಲುವೆ. ಮಳೆ ಬಿದ್ದರೆ ಸೊಂಟದುದ್ದ ನೀರು. ಸುತ್ತಿಕೊಂಡು ಹೋಗುವಷ್ಟರಲ್ಲಿ ಹಾಲಿನ ವ್ಯಾನು ಹೊರಟುಹೋಗಿ, ಹಾಲು ಕ್ಯಾನಿನಲ್ಲೇ ಒಡೆಯುತ್ತಿತ್ತು. ಹೋದ ವರ್ಷ ಗಂಗುಲಪ್ಪನವರ ಅಕ್ಕ ಚಿಕ್ಕಗಂಗಮ್ಮ ಕ್ಯಾನು ಹೊತ್ತು ಕಾಲುವೆಗಿಳಿದು ಜಾರಿ ಬಿದ್ದು ಕೈ ಮುರಿದುಕೊಂಡಿದ್ದಳು. ಕಾಲುವೆ ದಾಟಲು ಅಲ್ಲೊಂದು ಮೋರಿ ಕಟ್ಟಿಸುತ್ತೇನೆಂದು ಹೇಳಿಯೇ ಗಂಗುಲಪ್ಪನವರು ವೋಟು ಕೇಳಿದ್ದರು. ಮೋರಿಯ ಕಡತ ಒಂದೂವರೆ ವರ್ಷದಿಂದ ಅಧ್ಯಕ್ಷರ ಸಹಿಗೆ ಕಾದಿತ್ತು.

"ಏಮ್ರಾ ಗಂಗುಲು," ಎಂದಳು ಅಕ್ಕ, ಅಧಿಕಾರ ವಹಿಸಿಕೊಳ್ಳಲು ಹೊರಟವನನ್ನು ಬಾಗಿಲಲ್ಲೇ ನಿಲ್ಲಿಸಿ, "ಮೊದ್ಲು ಮೋರಿಗೆ ಸೈನ್ ಹಾಕು. ಆಮೇಲೆ ಕುರ್ಚಿ ಮೇಲೆ ಕೂತ್ಕೋ."

"ಕೂತ್ಕೊಳ್ದೆ ಹೆಂಗಕ್ಕ ಸೈನ್ ಹಾಕೋದು?"

"ನಿಂತ್ಕೊಂಡೇ ಹಾಕು. ಕೂತೋರೆಲ್ಲ ಮರ್ತೋದ್ರು."

ಗಂಗುಲಪ್ಪನವರು ಅಕ್ಕನ ಮಾತು ಮೀರಲಿಲ್ಲ. ಹನ್ನೊಂದು ಗಂಟೆಗೆ ಅಧ್ಯಕ್ಷರೆಂದು ಘೋಷಣೆಯಾದದ್ದೇ ತಡ, ಕೊರಳಿನ ಹಾರ ತೆಗೆಯದೆ, ಕುರ್ಚಿಗೆ ಬೆನ್ನು ತಾಗಿಸದೆ, ಪೆನ್ನಿನ ಮುಚ್ಚಳ ಬಿಚ್ಚಿ ಗುಮಾಸ್ತ ಕದಿರೇಶನನ್ನು ಮೋರಿಯ ಕಡತ ಕೇಳಿದರು.

"ಕೊಡೋಕಾಗಲ್ಲ ಸಾರ್," ಎಂದ ಕದಿರೇಶ ವಿನಯದಿಂದ. "ತಮ್ಮ ರಾಜೀನಾಮೆ ಬಂದಿದೆ. ಬೆಳಗ್ಗೆ ಒಂಬತ್ತೂಮುಕ್ಕಾಲಿಗೆ. ಸ್ವೀಕೃತಿ ಪುಸ್ತಕದಲ್ಲಿ ಏರಿಸಿದೀನಿ."

"ಅಧ್ಯಕ್ಷ ಆಗಿದ್ದೇ ಈಗ ಕಣಯ್ಯ."

"ಅದನ್ನೂ ಏರಿಸಿದೀನಿ ಸಾರ್, ಕೆಳಗಡೆ ಸಾಲಲ್ಲಿ."

"ಹಂಗಾದ್ರೆ ನಾನೀಗ ಏನು?"

ಕದಿರೇಶ ಎರಡು ಸಾಲಿಗೂ ಸ್ಕೇಲು ಇಟ್ಟು ನೋಡಿದ. "ಮಾಜಿ ಸಾರ್. ಆದ್ರೆ ಅವಧಿ ಮುಗ್ದಿಲ್ಲ. ಹನ್ನೊಂದು ದಿನದ ಮಟ್ಟಿಗೆ ಹಾಲಿ ಮಾಜಿ."

"ರಾಜೀನಾಮೆ ವಾಪಸ್ ತಗೋತೀನಿ ಬಿಡು."

"ಧಾರಾಳವಾಗಿ ತಗೋಬಹುದು. ವಾಪಸ್ ಕೊಡೋಕೆ ಅಧ್ಯಕ್ಷರ ಸಹಿ ಬೇಕು."

ದೊಡ್ಡವೆಂಕಟಪ್ಪನವರನ್ನು ಕೇಳಿದರೆ ಅವರಿಗೆ ಎಳ್ಳಷ್ಟೂ ಮುಜುಗರವಿರಲಿಲ್ಲ. "ನಾಲ್ಕು ಜನ ಮಾತು ತಪ್ಪಿದ್ರು ಕಣಯ್ಯ. ನೀನೊಬ್ಬನಾದ್ರೂ ಟೈಮಿಗೆ ಮುಂಚೆ ಬಿಟ್ಟೆ ಅಂತ ಹೆಸ್ರು ಬರ್ಲಿ ಅಂತ ನಾನೇ ಹೋಗಿ ಕೊಟ್ಟು ಬಂದೆ" ಎಂದರು. ಗಂಗುಲಪ್ಪನವರು ಮೇಲಿನ ಕಚೇರಿಗೆ ಸ್ಪಷ್ಟೀಕರಣ ಕೇಳಿ ಬರೆದರು. ಪ್ರತಿದಿನ ಬಂದು, ಅಧ್ಯಕ್ಷರ ಕುರ್ಚಿಯ ಎದುರಿನ ಬೆಂಚಿನ ಮೇಲೆ ಕೂತು ಉತ್ತರಕ್ಕೆ ಕಾದರು. ಅರ್ಜಿ ಕೊಡಲು ಬಂದವರು ಖಾಲಿ ಕುರ್ಚಿಗೆ ಕೈ ಮುಗಿದು, ಇವರಿಗೆ ಕೊಂಚ ಸರಿಯಲು ಹೇಳುತ್ತಿದ್ದರು. ಹತ್ತನೆಯ ದಿನ ಉತ್ತರ ಬಂತು:

"ಸದರಿಯವರು ಹಾಲಿ ಮಾಜಿಯಾಗಿರುವುದರಿಂದ ಯಾವುದೇ ಕಡತಕ್ಕೆ ಸಹಿ ಹಾಕತಕ್ಕದ್ದಲ್ಲ. ಆದರೆ ಹಾರ ಸ್ವೀಕರಿಸಲು, ಭಾಷಣ ಮಾಡಲು ಮತ್ತು ಶಂಕುಸ್ಥಾಪನೆ ನೆರವೇರಿಸಲು ಯಾವುದೇ ಅಭ್ಯಂತರವಿರುವುದಿಲ್ಲ."

ಉಳಿದಿದ್ದು ಒಂದು ದಿನ. ಮೋರಿ ಇಲ್ಲದಿದ್ದರೇನು, ಮೋರಿಯ ಕಲ್ಲಾದರೂ ನಿಲ್ಲಲಿ ಎಂದು ಗಂಗುಲಪ್ಪನವರು ಕಲ್ಲುಕುಟಿಗರ ಊರಾದ ಟೇಕಲ್ಲಿಗೆ ಹೇಳಿಕಳಿಸಿದರು. ಕಲ್ಲು ಎರಡಡಿ ಸಾಕಿತ್ತು. ಆದರೆ ಶಿಷ್ಟಾಚಾರದ ಪ್ರಕಾರ ಮುಖಂಡರು, ನಾಲ್ವರು ಮಾಜಿಗಳು, ಅಧಿಕಾರಿಗಳು ಸೇರಿ ಹದಿನೇಳು ಹೆಸರು ಕೆತ್ತಬೇಕಾಗಿ ಬಂದು, ಅದು ಏಳಡಿಗೆ ಬೆಳೆಯಿತು. ಗಂಗುಲಪ್ಪನವರ ಹೆಸರು ಕೊನೆಯ ಸಾಲಿನಲ್ಲಿತ್ತು. ಹನ್ನೊಂದನೆಯ ದಿನ ಕಲ್ಲು ನೆಟ್ಟರು, ತೆಂಗಿನಕಾಯಿ ಒಡೆದರು, ದೊಡ್ಡವೆಂಕಟಪ್ಪನವರು ಮೋರಿಯ ಮಹತ್ವ ಕುರಿತು ಮುಕ್ಕಾಲು ಗಂಟೆ ಮಾತಾಡಿದರು. ಭಾಷಣ ಮುಗಿದ ಮೇಲೆ ಹೆಂಗಸರು ಸೀರೆ ಎತ್ತಿ ಕಟ್ಟಿಕೊಂಡು ಕಾಲುವೆಗಿಳಿದು ಮನೆಗೆ ಹೋದರು. ಗಂಗುಲಪ್ಪನವರಿಗೆ ಅತ್ತ ತಲೆಯೆತ್ತಿ ನೋಡಲು ನಾಚಿಕೆಯಾಯಿತು.

ಎರಡು ವಾರದ ಮೇಲೆ ಜೋರು ಮಳೆಯಾಯಿತು. ಬೆಳಗ್ಗೆ ಗಂಗುಲಪ್ಪನವರು ಹೋಗಿ ನೋಡಿದರೆ, ಅಕ್ಕ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಹಾರೆಯಿಂದ ಮೀಟಿ ಕಲ್ಲನ್ನು ಕಿತ್ತು ಕಾಲುವೆಗೆ ಅಡ್ಡಲಾಗಿ ಮಲಗಿಸಿದ್ದಳು. ಹದಿನೇಳು ಹೆಸರೂ ಆಕಾಶ ನೋಡುತ್ತಿದ್ದವು.

"ಅಕ್ಷರ ಇರೋ ಕಡೆ ಯಾಕಕ್ಕ ಮೇಲೆ ಮಾಡಿದೆ? ಎಲ್ರೂ ತುಳೀತಾರೆ."

"ಅಕ್ಷರ ಇದ್ರೆ ಕಾಲು ಜಾರಲ್ಲ ಕಣೋ."

ಗಂಗುಲಪ್ಪನವರ ಹೊಟ್ಟೆ ಉರಿಯಿತು. ಆದರೆ ಅಕ್ಕನ ಕ್ಯಾನು ಒಂದು ಹನಿ ತುಳುಕದೆ ಆಚೆ ದಡ ಸೇರಿ, ವ್ಯಾನು ಹೊರಡುವ ಮೊದಲೇ ಹಾಲು ಡೈರಿ ಮುಟ್ಟಿದಾಗ ಉರಿ ಇಳಿಯಿತು.

ಸರ್ಕಾರಿ ಕಲ್ಲು ಕಿತ್ತ ದೂರಿನ ವಿಚಾರಣೆಗೆ ಎಂಜಿನಿಯರ್ ಮುನಿಕೃಷ್ಣಪ್ಪನವರು ಬಂದರು. ಈಚೆಯಿಂದ ಆಚೆಗೆ ಹೋದರು, ಆಚೆಯಿಂದ ಈಚೆಗೆ ಬಂದರು, ಮೋರಿ ಕಾಮಗಾರಿ ತೃಪ್ತಿಕರವಾಗಿ ಪೂರ್ಣಗೊಂಡಿದೆ ಎಂದು ವರದಿ ಕೊಟ್ಟರು. ಇದನ್ನು ಕೇಳಿದ ಉಳಿದ ಊರುಗಳವರು ನಮಗೆ ಮೋರಿ ಬೇಡ, ಮಾಜಿ ಅಧ್ಯಕ್ಷರೊಬ್ಬರ ಕಲ್ಲು ಕೊಡಿ ಎಂದು ಅರ್ಜಿ ಗುಜರಾಯಿಸಿದರು. ಸಾಮಾನ್ಯ ಸಭೆ ಸರ್ವಾನುಮತದಿಂದ ನಿರ್ಣಯಿಸಿತು: "ತಾಲ್ಲೂಕಿನ ಸರ್ವತೋಮುಖ ಅಭಿವೃದ್ಧಿಯ ದೃಷ್ಟಿಯಿಂದ ಅಧ್ಯಕ್ಷರ ಅವಧಿಯನ್ನು ಸಾಧ್ಯವಾದಷ್ಟು ಮೊಟಕುಗೊಳಿಸತಕ್ಕದ್ದು."

ಚಿಕ್ಕಗಂಗಮ್ಮನಿಗೆ ಮಾತ್ರ ಪೂರ್ತಿ ಸಮಾಧಾನವಿರಲಿಲ್ಲ. "ಅಗಲ ಸಾಲ್ದು ಗಂಗುಲು. ನಡ್ಕೊಂಡು ಹೋಗ್ಬಹುದು, ಕ್ಯಾನ್ ಕಟ್ಟಿರೋ ಸೈಕಲ್ ಹೋಗಲ್ಲ. ಮನೇಲಿ ಇನ್ಯಾರನ್ನಾದ್ರೂ ನಿಲ್ಸು. ಹನ್ನೊಂದು ದಿನ ಎಲ್ಲ ಏನೂ ಬೇಡ."

ಗಂಗುಲಪ್ಪನವರು ಮುಂದಿನ ಚುನಾವಣೆಗೆ ಹೆಂಡತಿ ಮುನಿಲಕ್ಷ್ಮಿಯನ್ನು ನಿಲ್ಲಿಸಿದರು. ಆಕೆ ಗೆದ್ದು, ಅಧ್ಯಕ್ಷರಾಗಿ ನಾಲ್ಕು ದಿನ ಸೇವೆ ಸಲ್ಲಿಸಿದರು. ಈಗ ಸೈಕಲ್ಲೂ ಹೋಗುತ್ತದೆ.