ಪ್ಯಾಂಟು ಒಲ್ಲದ ಕುದುರೆ

ನಮ್ಮ ಭಾವ ಒಂದೇ ಜಾಗದಲ್ಲಿ ಅಲ್ಲಾಡದೆ ನಿಂತದ್ದನ್ನು ನಾನು ಇಡೀ ಜೀವಮಾನದಲ್ಲಿ ಒಂದೇ ಒಂದು ಸಲ ನೋಡಿದ್ದೇನೆ. ಆಗ ಅವರು ಲಂಗ ಉಟ್ಟಿದ್ದರು! ನಗಬೇಡಿ. ಅಥವಾ ನಗಿ, ನಾವೂ ವರ್ಷಗಟ್ಟಲೆ ನಕ್ಕವರೇ. ಅದು ಲಂಗವಲ್ಲ, ಕಿಲ್ಟು ಎಂದು ಭಾವ ಎಷ್ಟು ತಿದ್ದಿದರೂ ನನ್ನ ಅಕ್ಕ ಅದನ್ನು ಲಂಗ ಎಂದೇ ಕರೆಯುತ್ತಿದ್ದಳು. ಸ್ಕಾಟ್ಲೆಂಡಿನ ಗಂಡಸರು ಉಡುವ, ಮೊಣಕಾಲಿನವರೆಗೆ ಬರುವ, ನೆರಿಗೆ ಹಿಡಿದ ಚೌಕಳಿ ಉಣ್ಣೆ ಬಟ್ಟೆ ಅದು. ಉಡುಪಿಯ ಈ ಮನುಷ್ಯನ ಸೊಂಟಕ್ಕೆ ಅದು ಏರಿದ್ದು ಹೇಗೆ ಅಂತೀರಾ? ಹೇಳುತ್ತೇನೆ.

ಎಂಬತ್ತರ ದಶಕದ ಮೊದಲಿಗೆ ನಾನು ಮೈಸೂರಿನಿಂದ ಬಂದು, ಸ್ಯಾನ್ ಹೋಸೆಯ ಬೆರ್ರಿಯೆಸಾದಲ್ಲಿದ್ದ ಅಕ್ಕನ ಅಪಾರ್ಟ್‌ಮೆಂಟಿನಲ್ಲಿ ಇಳಿದುಕೊಂಡೆ. "ನಿಮ್ಮ ಭಾವನ ಕಾಲಲ್ಲಿ ಚಕ್ರ ಇದೆ ಕಣೋ, ಸ್ವಲ್ಪ ಸಹಿಸ್ಕೋ" ಎಂದು ಅಕ್ಕ ಏರ್‌ಪೋರ್ಟಿನಲ್ಲೇ ಎಚ್ಚರಿಸಿದ್ದಳು. ಚಕ್ರವೇ? ಇಡೀ ಗ್ಯಾರೇಜೇ ಇತ್ತು! ಊಟಕ್ಕೆ ಕೂತರೆ ಅವರ ಒಂದು ಕಾಲು ಮೇಜಿನ ಕೆಳಗೆ ಕುಣಿಯುತ್ತಲೇ ಇರುತ್ತಿತ್ತು, ಸಾರಿನ ಬಟ್ಟಲು ತಾನಾಗಿ ಸರಿದು ನನ್ನ ಕಡೆಗೆ ಬರುತ್ತಿತ್ತು. ಟೆನಿಸ್ಸು ಕಲಿತು ಬಿಟ್ಟಿದ್ದರು, ಗಿಟಾರು ಕಲಿಯದೆ ಬಿಟ್ಟಿದ್ದರು. ಬಾಲ್ಕನಿಯಲ್ಲಿ ಜೇನು ಸಾಕಲು ಹೋದಾಗ ಮಾತ್ರ ಜೇನುನೊಣಗಳೇ ಇವರನ್ನು ಬಿಟ್ಟು ಹೋದವಂತೆ. ಯಾವ ಹುಚ್ಚೂ ಮೂರು ತಿಂಗಳು ದಾಟುತ್ತಿರಲಿಲ್ಲ.

ಒಂದು ಶನಿವಾರ ಗ್ರೋಸರಿ ಅಂಗಡಿಯ ನೋಟೀಸು ಬೋರ್ಡಿನಲ್ಲಿ ಕೈಬರಹದ ಚೀಟಿಯೊಂದು ಕಂಡಿತು. 'ಲಾಸ್ ಗ್ಯಾಟೋಸ್ ಗುಡ್ಡದ ಮೇಲೆ ನನ್ನದೊಂದು ಹೆಣ್ಣು ಕುದುರೆ ಇದೆ. ಹತ್ತಿ ಕೂರಬಲ್ಲವರು ದಯವಿಟ್ಟು ಬನ್ನಿ' ಎಂದಿತ್ತು. ಯಾರಾದರೂ ಓದಿ ಮುಂದೆ ಹೋಗುತ್ತಾರೆ ತಾನೇ? ಭಾವ ಹಾಲು ಮೊಸರು ತುಂಬಿದ ಗಾಡಿಯನ್ನು ಅಲ್ಲೇ ಬಿಟ್ಟು ಫೋನ್ ಬೂತಿಗೆ ಓಡಿದರು.

ಕುದುರೆಯ ಒಡತಿ ಎಪ್ಪತ್ತು ದಾಟಿದ ಹೆಂಗಸು. ನಾವು ಅವರನ್ನು ಕುದುರೆ ಅಜ್ಜಿ ಎನ್ನುತ್ತಿದ್ದೆವು. ಅವರ ಗಂಡ ಸ್ಕಾಟ್ಲೆಂಡಿನವರು, ತೀರಿಕೊಂಡು ವರ್ಷವಾಗಿತ್ತು. ಅಂದಿನಿಂದ ರೋಸಿ ಎಂಬ ಆ ಕಂದು ಕುದುರೆ ಯಾರನ್ನೂ ಬೆನ್ನ ಮೇಲೆ ಕೂರಗೊಟ್ಟಿರಲಿಲ್ಲ. ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಅಜ್ಜಿ ಮನೆ ಖಾಲಿ ಮಾಡಿ ದೂರದ ಮಗಳ ಊರಿಗೆ ಹೋಗಬೇಕು. ಅಷ್ಟರೊಳಗೆ ಸವಾರರು ಯಾರೂ ಸಿಗದಿದ್ದರೆ ರೋಸಿ ಹರಾಜಿನ ಟ್ರಕ್ಕು ಹತ್ತಬೇಕು. ಯಾರಿಗೂ ಒಗ್ಗದ ಕುದುರೆಯನ್ನು ಹರಾಜಿನಲ್ಲಿ ಕೊಳ್ಳುವವರು ಕಸಾಯಿಖಾನೆಯವರು ಮಾತ್ರ ಎಂದು ಅಜ್ಜಿ ಹೇಳಿದಾಗ ಭಾವನ ಮುಖ ಸಣ್ಣದಾಯಿತು.

"ಹಾಗೆ ಆಗ್ಲಿಕ್ಕೆ ಬಿಡುವುದಿಲ್ಲ ಮಾರಾಯ" ಎಂದು ಕಾರಿನಲ್ಲಿ ನನಗೆ ಹೇಳಿದರು. ಹೇಳುವುದು ಸುಲಭ! ಮುಂದಿನ ಆರು ಭಾನುವಾರ ರೋಸಿ ಅವರನ್ನು ಆರು ಬೇರೆ ಬೇರೆ ದಿಕ್ಕಿಗೆ ಎಸೆದಳು. ಅಕ್ಕ ಬೆನ್ನಿಗೆ ಮುಲಾಮು ತಿಕ್ಕುತ್ತಾ, "ಗಿಟಾರು ಒದೀತಿರ್ಲಿಲ್ಲ ಕಣ್ರೀ, ಅದನ್ನೇ ನುಡಿಸ್ಕೊಂಡು ಇರಬಾರ್ದಿತ್ತಾ?" ಎಂದಳು.

"ಗಿಟಾರನ್ನು ಯಾರೂ ಕಸಾಯಿಖಾನೆಗೆ ಕಳಿಸ್ಲಿಕ್ಕಿರಲಿಲ್ಲ ಮಾರಾಯ್ತಿ."

"ನೀವು ನುಡಿಸೋದು ಕೇಳಿ ಪಕ್ಕದ ಮನೆಯವ್ರು ಕಳಿಸೋಕೆ ರೆಡಿ ಇದ್ರು!"

ಏಳನೆಯ ಭಾನುವಾರ ಬೆಳಿಗ್ಗೆ ಫೋನು ಬಂತು. ರೋಸಿ ಬೇಲಿ ಹಾರಿ ನಡುರಸ್ತೆಯಲ್ಲಿ ನಿಂತಿದ್ದಾಳೆ, ಯಾರನ್ನೂ ಹತ್ತಿರ ಸೇರಿಸುತ್ತಿಲ್ಲ ಎಂದು ಅಜ್ಜಿ ಅಳುತ್ತಿದ್ದರು. ಭಾವ ಆಗ ನೀಲಿ ಹಸಿರು ಚೌಕಳಿಯ ಲುಂಗಿ ಸುತ್ತಿಕೊಂಡು ಕಾಫಿ ಕುಡಿಯುತ್ತಿದ್ದರು. ಕೀಲಿ ಹಿಡಿದು ಹಾಗೆಯೇ ಓಡಿದರು. "ಪ್ಯಾಂಟು, ಭಾವ, ಪ್ಯಾಂಟು!" ಎಂದು ನಾನು ಹಿಂದೆ ಓಡಿದೆ. "ಪುರ್ಸೊತ್ತಿಲ್ಲ, ಹತ್ತು!" ಎಂದರು. ಫ್ರೀವೇ ಉದ್ದಕ್ಕೂ ನಾನು ಬೇಡಿಕೊಂಡದ್ದು ಇಷ್ಟೇ: ದೇವರೇ, ಪೊಲೀಸರು ನಿಲ್ಲಿಸದಿರಲಿ, ನಿಲ್ಲಿಸಿದರೂ ಕೆಳಗಿಳಿಯಿರಿ ಎನ್ನದಿರಲಿ.

ಲುಂಗಿಯನ್ನು ಕಂಡದ್ದೇ ರೋಸಿ ಕಿವಿ ನಿಮಿರಿಸಿದಳು. ತಾನಾಗಿ ನಡೆದು ಬಂದಳು. ಲುಂಗಿಯನ್ನು ಮೇಲಿಂದ ಕೆಳಗೆ ಮೂಸಿ, ಭಾವನ ಸೊಂಟಕ್ಕೆ ಮೂತಿ ಒತ್ತಿ ನಿಂತುಬಿಟ್ಟಳು. ಭಾವ ಲುಂಗಿ ಎತ್ತಿ ಕಟ್ಟಿ, ಬೇಲಿಯ ಮೇಲೆ ಕಾಲಿಟ್ಟು, ಜೀನೂ ಇಲ್ಲದೆ ಅವಳ ಬೆನ್ನೇರಿದರು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದು ನೋಡಿದರೆ ಭಾವ ಇನ್ನೂ ಮೇಲೆಯೇ ಇದ್ದಾರೆ!

ಗುಟ್ಟು ಆಗ ಹೊರಬಿತ್ತು. ಅಜ್ಜಿಯ ಗಂಡ ಆ ಕುದುರೆಯನ್ನು ಯಾವತ್ತೂ ಕಿಲ್ಟು ಉಟ್ಟೇ ಹತ್ತುತ್ತಿದ್ದರಂತೆ. ಪ್ಯಾಂಟು ಹಾಕಿಕೊಂಡು ಅವಳ ಹತ್ತಿರ ಬರುತ್ತಿದ್ದವರು ಇಬ್ಬರೇ, ಸೂಜಿ ಚುಚ್ಚುವ ಡಾಕ್ಟರು ಮತ್ತು ಲಾಳ ಹೊಡೆಯುವವನು. ಪ್ಯಾಂಟು ಕಂಡರೆ ನೋವು, ಚೌಕಳಿ ಬಟ್ಟೆ ಕಂಡರೆ ಯಜಮಾನ ಎಂದು ರೋಸಿ ತೀರ್ಮಾನಿಸಿದ್ದಳು. ನಮ್ಮ ಉಡುಪಿಯ ಲುಂಗಿ ಸ್ಕಾಟ್ಲೆಂಡಿನ ಪರೀಕ್ಷೆ ಪಾಸಾಗಿತ್ತು! ಅಜ್ಜಿ ಕಣ್ಣೊರೆಸಿಕೊಂಡು ಒಳಗೆ ಹೋಗಿ, ಪೆಟ್ಟಿಗೆಯಲ್ಲಿದ್ದ ಗಂಡನ ಕಿಲ್ಟನ್ನು ತಂದು ಭಾವನ ಕೈಗೆ ಕೊಟ್ಟರು.

ಆ ಪುಣ್ಯಾತ್ಮರು ದಢೂತಿ ಆಸಾಮಿ ಇದ್ದಿರಬೇಕು. ಕಿಲ್ಟು ಭಾವನನ್ನು ಎರಡು ಸುತ್ತು ಸುತ್ತಿ ಇನ್ನೂ ಉಳಿಯಿತು. ಅಕ್ಕನ ಸೀರೆ ಪಿನ್ನುಗಳೆಲ್ಲ ಅದಕ್ಕೇ ಖರ್ಚಾದವು. ಇನ್ನೊಂದು ಕಷ್ಟ ಹೇಳಲು ಸಂಕೋಚ: ಬರಿ ತೊಡೆ ಜೀನಿಗೆ ಉಜ್ಜಿ ಚರ್ಮ ಕಿತ್ತು ಬರುತ್ತಿತ್ತು. ಇಂಜಿನಿಯರ್ ಅಲ್ಲವೇ, ಭಾವ ಉಪಾಯ ಹುಡುಕಿದರು. ಕಿಲ್ಟಿನ ಒಳಗೆ ರೇಷ್ಮೆಯ ಕಚ್ಚೆ!

"ಅಯ್ಯೋ, ನಮ್ಮಪ್ಪ ಧಾರೆಗೆ ಕೊಟ್ಟ ಮಗುಟ ಕಣ್ರೀ ಅದು!" ಎಂದು ಅಕ್ಕ ಚೀರಿದಳು.

"ನಿನ್ನ ಅಪ್ಪ ದೊಡ್ಡ ಮನುಷ್ಯರು. ನುಣ್ಣಗೆ ಉಂಟು, ಒಂಚೂರೂ ಉರಿಯುವುದಿಲ್ಲ."

ದೀಪಾವಳಿ ಬಂತು. ಟ್ರಕ್ಕಿನ ದಿನ ಹತ್ತಿರವಾಗುತ್ತಿತ್ತು, ಅಷ್ಟರೊಳಗೆ ಸವಾರಿ ಪಕ್ಕಾ ಆಗಬೇಕೆಂದು ದಿನಾ ಗುಡ್ಡಕ್ಕೆ ಓಡುತ್ತಿದ್ದ ಭಾವನಿಗೆ ಬಟ್ಟೆ ಬದಲಿಸುವಷ್ಟೂ ತಾಳ್ಮೆ ಇರಲಿಲ್ಲ. ಕನ್ನಡದವರೆಲ್ಲ ಸೇರಿದ್ದ ಹಾಲಿಗೆ ಗುಡ್ಡದಿಂದ ನೇರವಾಗಿ ಬಂದರು, ಕಿಲ್ಟಿನಲ್ಲಿ. ಧಾರವಾಡದ ಹಿರಿಯರೊಬ್ಬರು ಕನ್ನಡಕ ಏರಿಸಿ, "ಏನ್ರಿ ಸಾಹೇಬ್ರ, ಮನ್ಯಾಗ ಪ್ಯಾಂಟು ಒಗ್ಯಾಕ ಹಾಕ್ಯಾರೇನ?" ಎಂದು ಕೇಳಿದರು. ಹಾಲಿಗೆ ಹಾಲೇ ನಕ್ಕಿತು. ಅಕ್ಕ ಮುಖ ಮುಚ್ಚಿಕೊಂಡು ಕಾರಿಗೆ ನಡೆದಳು.

"ಇವತ್ತೇ ಕೊನೆ. ಆ ಲಂಗ ಬೇಕೋ ನಾನು ಬೇಕೋ, ಹೇಳಿಬಿಡಿ" ಎಂದಳು.

ಭಾವ ಸ್ವಲ್ಪ ಹೊತ್ತು ಯೋಚಿಸಿ, "ಕಿಲ್ಟು" ಎಂದರು.

ಅದು ಉತ್ತರವೋ ತಿದ್ದುಪಡಿಯೋ ಎಂದು ಕೇಳುವ ಧೈರ್ಯ ನಮಗಿಬ್ಬರಿಗೂ ಬರಲಿಲ್ಲ.

ಥ್ಯಾಂಕ್ಸ್‌ಗಿವಿಂಗ್ ಬಂತು, ಟ್ರಕ್ಕು ಬರಲಿಲ್ಲ. ಅಜ್ಜಿ ರೋಸಿಯ ಹಗ್ಗವನ್ನು ಭಾವನ ಕೈಗಿತ್ತು ಮಗಳೊಂದಿಗೆ ಹೊರಟರು. ರೋಸಿ ಹತ್ತಿರದ ಲಾಯಕ್ಕೆ ಬಂದಳು. ಮೂರು ತಿಂಗಳ ಹುಚ್ಚು ಎಂದು ನಾನೂ ಅಕ್ಕನೂ ಕಾದೆವು. ಮೂರು ತಿಂಗಳು ಹೋಗಿ ಮೂರು ವರ್ಷವಾಯಿತು, ಐದಾಯಿತು. ಅಷ್ಟರಲ್ಲಿ ಭಾವ ನಾಲ್ಕು ಕೆಲಸ ಬದಲಿಸಿದರು, ಗಾಲ್ಫ್ ಹಿಡಿದು ಬಿಟ್ಟರು, ರೊಟ್ಟಿ ಸುಡುವ ಒಲೆ ಕಟ್ಟಿ ಅರ್ಧಕ್ಕೇ ಕೈಬಿಟ್ಟರು. ರೋಸಿಯನ್ನು ಮಾತ್ರ ಬಿಡಲಿಲ್ಲ. ಅವಳಿಗೆ ವಯಸ್ಸಾಗಿ ಸವಾರಿ ನಿಂತ ಮೇಲೂ ಭಾನುವಾರ ಬಂದರೆ ಕಿಲ್ಟು ಉಟ್ಟು ಹೊರಡುತ್ತಿದ್ದರು. "ಹತ್ತೋದಿಲ್ಲ ಅಂದ್ಮೇಲೆ ಲಂಗ ಯಾಕ್ರೀ?" ಎಂದು ಅಕ್ಕ ಕೇಳಿದರೆ, "ಪ್ಯಾಂಟು ಹಾಕಿ ಹೋದ್ರೆ ಇಂಜೆಕ್ಷನ್ ಅಂತ ಹೆದರ್ತಾಳೆ ಪಾಪ" ಎನ್ನುತ್ತಿದ್ದರು.

ದಶಕ ಮುಗಿಯುತ್ತಾ ಬಂದಾಗ ರೋಸಿಯ ಕಾಲುಗಳು ಸೋತವು. ಇನ್ನು ನರಳಿಸುವುದು ಬೇಡ, ನೋವಿಲ್ಲದೆ ಕಳಿಸಿಕೊಡೋಣ ಎಂದು ಡಾಕ್ಟರು ಹೇಳಿದರು. ಗೊತ್ತುಮಾಡಿದ ದಿನ ಬೆಳಿಗ್ಗೆ ಮೂವರೂ ಹೋದೆವು. ಭಾವ ಕಿಲ್ಟಿನಲ್ಲಿ ಅವಳ ಕೊರಳು ಹಿಡಿದು ನಿಂತಿದ್ದರು. ಡಾಕ್ಟರು ಜೀಪಿನಿಂದ ಇಳಿದರು. ಜೀನ್ಸು ಪ್ಯಾಂಟು. ಅದನ್ನು ಕಂಡದ್ದೇ ರೋಸಿ ಮೈಯೆಲ್ಲ ನಡುಗಿಸುತ್ತಾ, ಬಾರದ ಕಾಲುಗಳಲ್ಲಿ ಹಿಂದೆ ಸರಿಯಲು ಒದ್ದಾಡಿದಳು.

"ಹೀಗೆ ಬೇಡ. ಹೆದ್ರಿಕೊಂಡು ಹೋಗುವುದು ಬೇಡ ಅವಳು" ಎಂದು ಭಾವ ಅತ್ತರು. ಅದುವರೆಗೆ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ.

"ಒಂದ್ನಿಮಿಷ ಇರಿ" ಎಂದು ಅಕ್ಕ ಕಾರಿಗೆ ಓಡಿದಳು. ಬಂದಾಗ ಅವಳ ಕೈಯಲ್ಲಿ ಅದೇ ನೀಲಿ ಹಸಿರು ಲುಂಗಿ, ಒಗೆದು ಇಸ್ತ್ರಿ ಮಾಡಿದ್ದು. ಮನೆಯಿಂದ ಹೊರಡುವಾಗಲೇ ಯೋಚಿಸಿ ತಂದಿದ್ದಳು! ಆರಡಿ ಮೀರಿದ ಆ ಡಾಕ್ಟರಿಗೆ ಅಚ್ಚ ಮೈಸೂರು ಕನ್ನಡದಲ್ಲಿ "ಕೈ ಎತ್ತಿ" ಎಂದಳು. ಅವರು ಎತ್ತಿದರು. ಜೀನ್ಸಿನ ಮೇಲೆಯೇ ಲುಂಗಿ ಸುತ್ತಿ, ಬಿಗಿಯಾಗಿ ಸಿಕ್ಕಿಸಿದಳು. ನಾವು ಯಾರೂ ನಗಲಿಲ್ಲ, ಡಾಕ್ಟರೂ ನಗಲಿಲ್ಲ.

ರೋಸಿ ಲುಂಗಿಯನ್ನು ಮೂಸಿ ನೋಡಿದಳು. ನಡುಕ ನಿಂತಿತು. ಮೊದಲ ಸೂಜಿಗೆ ಅವಳಿಗೆ ಮಂಪರು ಹತ್ತಿ, ತಲೆಯ ಭಾರವನ್ನೆಲ್ಲ ಭಾವನ ಹೆಗಲ ಮೇಲೆ ಬಿಟ್ಟಳು. ಭಾವ ನಿಂತರು. ಕಾಲು ಕುಣಿಯಲಿಲ್ಲ, ಬೆರಳು ಸಹ ಅಲ್ಲಾಡಲಿಲ್ಲ. ಎಲ್ಲ ಮುಗಿದು, ಅವಳು ಹುಲ್ಲಿನ ಮೇಲೆ ಮಲಗಿ, ಡಾಕ್ಟರು ಲುಂಗಿ ಮಡಿಸಿ ನನ್ನ ಕೈಗೆ ಕೊಟ್ಟು ಹೋದ ಮೇಲೂ ಅವರು ಹಾಗೆಯೇ ನಿಂತಿದ್ದರು.

ತುಂಬಾ ಹೊತ್ತಾದ ಮೇಲೆ ಅಕ್ಕ ಹೋಗಿ ಅವರ ಕೈ ಹಿಡಿದುಕೊಂಡಳು. "ಕಿಲ್ಟಿಗೆ ಮಣ್ಣಾಗಿದೆ, ಬನ್ನಿ" ಎಂದಳು. "ಒಗೆದಿಡ್ತೀನಿ."