ಮಾತಿನ ಮಲ್ಲರು ಮತ್ತು ನನ್ನ ಮಂಡಿ

ಹಳೆಯ ಕಾದಂಬರಿಗಳಲ್ಲಿ ಒಬ್ಬ ಮಾತಿನ ಮಲ್ಲ ಇದ್ದೇ ಇರುತ್ತಾನೆ. ಯುದ್ಧವೇ ಬೇಡ ಎಂದು ಕೂತ ರಾಜನನ್ನು ಅರ್ಧ ಪುಟದಲ್ಲಿ ಕುದುರೆ ಹತ್ತಿಸುತ್ತಾನೆ, ಕಥೆ ಅಲ್ಲಿಂದ ಓಡುತ್ತದೆ. ಜಯನಗರದಲ್ಲಿ ಪುಸ್ತಕ ಬಾಡಿಗೆಗೆ ಕೊಡುವ ಲೈಬ್ರರಿ ಇಟ್ಟಿರುವ ನನಗೆ ಅಂಥವರು ದಿನವೂ ಸಿಗುತ್ತಾರೆ. ಮಂಡಿನೋವು ತಡೆಯಲಾರದೆ, ಈ ತಿಂಗಳು ಲೈಬ್ರರಿ ಮುಚ್ಚಿಯೇ ಬಿಡುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದೆ. ಆಮೇಲೆ ಏನಾಯಿತೋ ನನಗೇ ಸರಿಯಾಗಿ ಗೊತ್ತಿಲ್ಲ.

ಕುರ್ಚಿ

ರಿಟೈರ್ಡ್ ಮೇಷ್ಟ್ರೊಬ್ಬರು ಕಾದಂಬರಿ ವಾಪಸ್ ತಂದು ಮೇಜಿನ ಮೇಲೆ ಕುಕ್ಕಿದರು.

“ಏನ್ರೀ ಇದು! ಮಂತ್ರಿ ನಾಲ್ಕು ಮಾತಾಡಿದ, ರಾಜ ಸಿಂಹಾಸನ ಬಿಟ್ಟುಕೊಟ್ಟ. ಯಾರಾದ್ರೂ ನಂಬ್ತಾರಾ?”

“ಇಲ್ಲ ಬಿಡಿ ಸಾರ್” ಎಂದೆ.

“ಅದಿರ್ಲಿ, ಮಂಡಿನೋವಿಗೆ ಹೀಗೆ ಕೂತೇ ಇರಬಾರ್ದು. ಎದ್ದು ಓಡಾಡ್ಬೇಕು.”

ಹೌದೆನ್ನಿಸಿತು. ಎದ್ದು ಒಂದು ಗಂಟೆ ಓಡಾಡಿದೆ. ಅಷ್ಟೂ ಹೊತ್ತು ಅವರು ನನ್ನ ಕುರ್ಚಿಯಲ್ಲಿ ಕೂತು ಅದೇ ಕಾದಂಬರಿಯ ಎರಡನೇ ಭಾಗ ಓದಿ ಮುಗಿಸಿದರು.

ಬೋರ್ಡು

‘ಈ ತಿಂಗಳ ಕೊನೆಗೆ ಲೈಬ್ರರಿ ಮುಚ್ಚಲಾಗುವುದು’ ಎಂದು ಬೋರ್ಡು ಹಾಕಿದೆ. ತಿಲಕ್ ನಗರದಿಂದ ಬರುವ ಆಂಟಿಯೊಬ್ಬರು ಅದನ್ನು ಎರಡು ಸಲ ಓದಿದರು.

“ಮುಚ್ಚಿ ಸಾರ್, ನಿಮ್ಮಿಷ್ಟ. ಆದ್ರೆ ನಾನು ಓದ್ತಿರೋದು ಐದು ಭಾಗದ ಕಾದಂಬರಿ, ಇನ್ನೂ ಎರಡ್ನೇದ್ರಲ್ಲಿದೀನಿ. ನಾಯಕಿ ಬಾವಿಕಟ್ಟೆ ಮೇಲೆ ಅಳ್ತಾ ಕೂತಿದಾಳೆ. ಅವಳನ್ನ ಅಲ್ಲೇ ಬಿಟ್ಟುಬಿಡ್ಲಾ?”

ಬಳಪ ಕೈಗೆತ್ತಿಕೊಂಡೆ. ‘ಈ ತಿಂಗಳ ಕೊನೆಗೆ’ ಎಂಬುದನ್ನು ಅಳಿಸಿ ‘ನಾಯಕಿ ಮನೆ ಸೇರಿದ ಮೇಲೆ’ ಎಂದು ಬರೆದೆ. ಮೂರು ದಿನ ಬಂದವರೆಲ್ಲ ಯಾವ ನಾಯಕಿ, ಯಾರ ಮನೆ ಎಂದು ಕೇಳಿದರು. ಹನ್ನೊಂದು ಜನ ಹೊಸದಾಗಿ ಮೆಂಬರಾದರು.

ಬೀಗದ ಕೈ

ಇನ್ನು ತಡವಾದರೆ ಕಷ್ಟವೆಂದು ಬೀಗದ ಕೈ ಒಪ್ಪಿಸಲು ಮಳಿಗೆಯ ಓನರ್ ಮನೆಗೆ ಹೋದೆ.

“ಖಂಡಿತ ಮುಚ್ಚಿ” ಎಂದರು ಓನರ್. “ಪುಸ್ತಕ ಎಲ್ಲಾ ಎಲ್ಲಿಡ್ತೀರಾ?”

ಅದನ್ನು ಯೋಚಿಸಿರಲಿಲ್ಲ.

“ಪಕ್ಕದ ಮಳಿಗೆ ಖಾಲಿ ಇದೆ, ಅರ್ಧ ಅಲ್ಲಿಡಿ. ಆಗ ಇಲ್ಲಿ ಜಾಗ ಆಗತ್ತೆ. ಕಾಲು ನೀಡ್ಕೊಂಡು ಕೂತ್ಕೋಬಹುದು. ಮಂಡಿನೋವೇ ಹೋದ್ಮೇಲೆ ಮುಚ್ಚೋದ್ಯಾಕೆ?”

ಎರಡು ಬೀಗದ ಕೈ ಹಿಡಿದು ಮನೆಗೆ ಬಂದೆ. ಹೆಂಡತಿ ಕೆಂಡವಾದಳು.

“ಮಾತು ಕೊಟ್ಟಿದ್ರಲ್ಲ ರೀ! ನಿಮ್ಮ ಕೈಲಿ ಆಗಲ್ಲ. ಎರಡನ್ನೂ ಕೊಡಿ, ನಾನೇ ಅವರ ಮುಖಕ್ಕೆ ಬಿಸಾಕಿ ಬರ್ತೀನಿ.”

ಸದ್ಯ ಗೆದ್ದೆ ಎಂದುಕೊಂಡೆ. ಅವಳ ಮುಂದೆ ಯಾವ ಮಾತಿನ ಮಲ್ಲನ ಆಟವೂ ನಡೆಯುವುದಿಲ್ಲ.

ಅರ್ಧ ಗಂಟೆಯಲ್ಲಿ ನಗುತ್ತಾ ಬಂದಳು.

“ಕೊಟ್ಟುಬಂದ್ಯಾ?”

ಮೇಜಿನ ಮೇಲೆ ಮೂರು ಬೀಗದ ಕೈ ಇಟ್ಟಳು.

“ಲೈಬ್ರರಿ ಮೇಲೇ ಒಂದು ಮನೆ ಖಾಲಿ ಇದೆಯಂತೆ ರೀ. ಮೂರನೇ ಮಹಡಿ. ದಿನಾ ಹತ್ತಿ ಇಳಿದ್ರೆ ಮಂಡಿಗೆ ಒಳ್ಳೇದಂತೆ.”