ಫಿರಂಗಿಯವನ ಸಮಾಧಿ ಹುಡುಕಿದ್ದು

ಹಳೆಯ ಬಂಗಲೆಯೊಂದನ್ನು ನೋಡಿಕೊಂಡಿರುವವನಿಗೆ ನಗುವಂಥ ಸಂಗತಿಗಳನ್ನು ಹುಡುಕಿಕೊಂಡು ಹೋಗುವ ಕಷ್ಟವಿಲ್ಲ. ಅವೇ ಪೆಟ್ಟಿಗೆ ಹೊತ್ತುಕೊಂಡು ಬಂದು ಇಳಿಯುತ್ತವೆ. ನಾನು ಹಿಂದೆ ಏನನ್ನೂ ಬರೆದವನಲ್ಲ, ಆದ್ದರಿಂದ ಮೊದಲೇ ಎಲ್ಲವನ್ನೂ ಹೇಳಿಬಿಡುತ್ತೇನೆ. ಬಂಗಲೆ ಎಂದರೆ ದೇವನಹಳ್ಳಿ ಕೋಟೆಯ ಹತ್ತಿರವಿದ್ದ ಸರ್ಕಾರದ ಪ್ರವಾಸಿ ಬಂಗಲೆ. ಕಾಲ ಎಂದರೆ ಯುದ್ಧದ ಕಾಲ, ಬಸ್ಸುಗಳು ಇದ್ದಿಲ ಹೊಗೆಯಿಂದ ಓಡುತ್ತಿದ್ದಾಗ. ಬಂದವರು ಪಾಂಡಿಚೇರಿಯಲ್ಲಿ ಮೇಷ್ಟರಾಗಿದ್ದ ಒಬ್ಬ ಮುದುಕ ಫ್ರೆಂಚ್ ದೊರೆ.

ಅವರ ವಂಶದ ಹಿರಿಯನೊಬ್ಬ ನವಾಬರ ಸೈನ್ಯದಲ್ಲಿ ಫಿರಂಗಿ ಹೊಡೆಯುತ್ತಿದ್ದು, ನಮ್ಮ ಊರಿನಲ್ಲೇ ಸತ್ತನಂತೆ. ಅವನ ಸಮಾಧಿ ನೋಡಬೇಕೆಂದು ಬಂದಿದ್ದರು. ಅವರ ಒಬ್ಬನೇ ಮಗ ಫ್ರಾನ್ಸಿನಲ್ಲಿ ಸೈನ್ಯ ಸೇರಿದ್ದ. ಪ್ಯಾರಿಸ್ ಬಿದ್ದ ಮೇಲೆ ಎರಡು ವರ್ಷದಿಂದ ಕಾಗದವಿಲ್ಲ.

"ಮಗ ಎಲ್ಲಿದ್ದಾನೋ ತಿಳಿಯದು. ನಮ್ಮ ವಂಶದ ಒಬ್ಬನಾದರೂ ಎಲ್ಲಿದ್ದಾನೆ ಅಂತ ನನಗೆ ಗೊತ್ತಿರಬೇಕು" ಅಂದರು. ತಮಿಳಿನಲ್ಲಿ ಅಂದರು. ನನ್ನ ಹೆಂಡತಿಯ ತವರು ಹೊಸೂರು, ಹಾಗಾಗಿ ನನಗೆ ತಮಿಳು ಬರುತ್ತದೆ.

ಮಗ ಬಂದನೇ ಎಂದು ಕೊನೆಯಲ್ಲಿ ಕೇಳಬೇಡಿ. ಸುದ್ದಿ ಸಿಕ್ಕರೆ ಬರೆಯುತ್ತೇನೆ ಎಂದು ಹೇಳಿ ಹೋದರು. ನಮಗೆ ಯಾವ ಕಾಗದವೂ ಬರಲಿಲ್ಲ.

1. ಹಳೆಯದೇ ಬೇಕು

ಬಂಗಲೆಯಲ್ಲಿ ಎರಡು ಕೋಣೆ. ಒಂದಕ್ಕೆ ಆಗ ತಾನೇ ಸುಣ್ಣ ಬಳಿದು, ಹೊಸ ಮಂಚ ಹಾಕಿದ್ದೆವು. ಇನ್ನೊಂದು ಸೋರುತ್ತಿತ್ತು. ದೊರೆ ಎರಡನ್ನೂ ನೋಡಿ ಸೋರುವುದನ್ನೇ ಕೇಳಿದರು. "ಇದು ಹಳೆಯದು. ಈ ತೊಲೆ ನೋಡಿ, ಈ ಬಾಗಿಲು ನೋಡಿ" ಎಂದು ಮರವನ್ನು ಸವರಿದರು.

ನಮ್ಮ ಬಟ್ಲರನಿಗೆ, ಎಂದರೆ ಅಡುಗೆ ಮಾಡುವವನಿಗೆ, ಸಿಟ್ಟು ಬಂತು. ಸುಣ್ಣ ಬಳಿದವನು ಅವನೇ. ಸಾಯಂಕಾಲ ಊಟಕ್ಕೆ ಕೂತ ದೊರೆ ಕೋಳಿಯ ತೊಡೆಯ ಜೊತೆ ಕಾಲು ಗಂಟೆ ಹೋರಾಡಿ, ಚಾಕು ಕೆಳಗಿಟ್ಟು ಅವನ ಮುಖ ನೋಡಿದರು. ಅವನು ಕೈ ಕಟ್ಟಿಕೊಂಡು ಹೇಳಿದ: "ಹಳೇದೇ ಬೇಕು ಅಂದ್ರಲ್ಲಾ ಸ್ವಾಮಿ, ಅದಕ್ಕೇ ಕೋಳೀನೂ ನವಾಬರ ಕಾಲದ್ದೇ ಹಿಡಿದೆ."

2. ನಾಲ್ಕು ಸಮಾಧಿ

ನಮ್ಮ ಕಡೆ, ದೂರದಿಂದ ಬಂದವರು ಏನಾದರೂ ಕೇಳಿದರೆ ಗೊತ್ತಿಲ್ಲ ಎನ್ನಲು ಬಾಯಿ ಬರುವುದಿಲ್ಲ. ಅದು ಸುಳ್ಳು ಹೇಳುವುದಲ್ಲ, ಬರಿಗೈಲಿ ಕಳಿಸಬಾರದೆಂಬ ಸಂಕೋಚ. ಮುದುಕ, ಮಗನ ಸುದ್ದಿ ಬೇರೆ ಇಲ್ಲ ಎಂಬುದು ಊರಿಗೆಲ್ಲ ತಿಳಿದು, ಎರಡು ದಿನದಲ್ಲಿ ಆ ಫಿರಂಗಿಯವನಿಗೆ ನಾಲ್ಕು ಸಮಾಧಿ ಸಿಕ್ಕಿದವು. ಒಬ್ಬರು ಕೋಟೆ ಬಾಗಿಲ ಹತ್ತಿರ ತೋರಿಸಿದರು. ಒಬ್ಬರು ಗಾಡಿ ಕಟ್ಟಿ ನಲ್ಲೂರಿನ ಹುಣಸೇ ತೋಪಿಗೇ ಕರೆದೊಯ್ದರು. ದೊರೆ ಪ್ರತಿಯೊಂದರ ಮುಂದೆಯೂ ಟೋಪಿ ತೆಗೆದು, ಕಣ್ಣು ಮುಚ್ಚಿ ನಿಂತರು. ಯಾವುದನ್ನೂ ಬಿಡಲಿಲ್ಲ.

ನಾಲ್ಕನೆಯದು ಬಟ್ಲರನ ಅತ್ತಿಗೆಯ ಹಿತ್ತಿಲಿನಲ್ಲಿ, ನೆಲದಲ್ಲಿ ಅರ್ಧ ಹೂತಿದ್ದ ಕಲ್ಲು. ದೊರೆ ಅದರ ಮುಂದೆ ತುಂಬಾ ಹೊತ್ತು ನಿಂತಿದ್ದರು. ಆ ಹೆಂಗಸು ಕಾಯಿ ತುರಿದ ತಟ್ಟೆ ಹಿಡಿದುಕೊಂಡು ಕಾದೂ ಕಾದೂ ಕೊನೆಗೆ ನನ್ನ ಕಿವಿಯಲ್ಲಿ ಅಂದಳು: "ಅಣ್ಣಾ, ಅವರ ಪ್ರಾರ್ಥನೆ ಆಗಿದ್ರೆ ಸ್ವಲ್ಪ ಸರಿಯೋಕೆ ಹೇಳ್ತೀಯಾ? ಚಟ್ನಿ ರುಬ್ಬಬೇಕು."

3. ಪೊಲೀಸಿನವನ ಹಸು

ಯುದ್ಧದ ಕಾಲದಲ್ಲಿ ಬಿಳಿಯ ಮನುಷ್ಯನೊಬ್ಬ ಕೋಟೆಯ ಚಿತ್ರ ಬರೆದರೆ ಗೂಢಚಾರನೆಂದು ಅನುಮಾನ ಬರುತ್ತದೆ. ದೊರೆ ಬರೆಯುತ್ತಾ ಕೂತಿದ್ದಾಗ ಕಾನ್‌ಸ್ಟೇಬಲ್ ಬಂದು ಕಾಗದ ಕಿತ್ತುಕೊಂಡ. ಮೀಸೆ ತಿರುವಿ ನೋಡಿದ. ಗೋಡೆಯ ಕೆಳಗೆ ಮೇಯುತ್ತಿದ್ದ ಅವನದೇ ಹಸು ಚಿತ್ರದಲ್ಲಿತ್ತು. ಕಾಗದವನ್ನು ಮೆಲ್ಲಗೆ ಹಿಂದಕ್ಕೆ ಕೊಟ್ಟು ನನಗೆ ಹೇಳಿದ: "ಕೊಂಬು ಇನ್ನೊಂದಿಷ್ಟು ಉದ್ದ ಮಾಡೋಕೆ ಹೇಳಪ್ಪಾ. ಹಿಂಗಿದ್ರೆ ಹರಾಜಿಗೆ ಹಾಕಿರೋ ಹಸು ಥರ ಕಾಣ್ತೈತೆ."

4. ಎರಡು ಎಲೆ

ಮೂರನೆಯ ದಿನ ಮಹಾಲಯ ಅಮಾವಾಸ್ಯೆ. ಸತ್ತ ಹಿರಿಯರಿಗೆ ಇಷ್ಟವಾದದ್ದನ್ನು ಮಾಡಿ, ಎಲೆಯಲ್ಲಿ ಬಡಿಸಿ, ಬಾಗಿಲು ಹಾಕಿ ಕಾಯುವ ದಿನ. ಇದಕ್ಕೆ ಎಡೆ ಇಡುವುದು ಎನ್ನುತ್ತೇವೆ. ನಮ್ಮವ್ವ ನನ್ನನ್ನು ಬೈದಳು: "ಸಮಾಧಿ ಯಾಕ್ಲಾ ಬೇಕು? ನಮ್ಮತ್ತೇನ ಎಲ್ಲಿ ಮಣ್ಣು ಮಾಡಿದ್ರು ಅಂತ ನಂಗೇ ಮರೆತೋಗೈತೆ. ಎಲೆ ಹಾಕಿ ಕರೆದ್ರೆ ಅವರೇ ಬರ್ತಾರೆ. ಆ ದೊರೇನ ಕರ್ಕೊಂಡ್ಬಾ."

ದೊರೆ ಬಂದರು. ಫಿರಂಗಿಯವನಿಗೆ ಏನು ಇಷ್ಟ ಎಂದು ಅವ್ವ ನನ್ನಿಂದ ಕೇಳಿಸಿದಳು. ಅವರು ಬಹಳ ಯೋಚಿಸಿ, "ದ್ರಾಕ್ಷಿಯ ಮದ್ಯ ಇರಬಹುದು" ಅಂದರು. ಅವ್ವ ಒಂದು ಕುಡಿಕೆ ಹೆಂಡ ಇಟ್ಟಳು. "ಸಿಪಾಯಿ ತಾನೆ, ಸುಮ್ಮನೆ ಕುಡೀತಾನೆ."

ನಮ್ಮ ಮನೆಯಲ್ಲಿ ಯಾವಾಗಲೂ ಒಂದು ಎಲೆ ಹೆಚ್ಚಿಗೆ ಹಾಕುತ್ತೇವೆ. ಹೆಸರು ಮರೆತುಹೋದ ಹಿರಿಯರು ಹಸಿದುಕೊಂಡು ಹೋಗಬಾರದೆಂದು. ಇದನ್ನು ಮೊದಲೇ ದೊರೆಗೆ ಹೇಳಬೇಕಿತ್ತು, ಹೇಳಲಿಲ್ಲ. ಫಿರಂಗಿಯವನ ಎಲೆಯ ಪಕ್ಕದಲ್ಲಿ ಇನ್ನೊಂದನ್ನು ನೋಡಿ ಅವರ ಮುಖ ಸುಣ್ಣದಂತಾಯಿತು.

"ಇದು ನನ್ನ ಮಗನಿಗಾ?"

ನಾನು ಅವ್ವನ ಕಡೆ ತಿರುಗಿದೆ.

ದೊರೆ ಟೋಪಿ ಪಕ್ಕಕ್ಕಿಟ್ಟು, ಆ ಎಲೆಯ ಮುಂದೆಯೇ ಕಾಲು ಮಡಚಿ ಕೂತರು. "ಅವನು ಬದುಕಿದ್ದಾನೆ. ಬದುಕಿರುವವನ ಊಟ ಸತ್ತವರ ಸಾಲಿನಲ್ಲಿ ಯಾಕೆ? ನಾನು ತಿನ್ನುತ್ತೇನೆ" ಎಂದು ಎಡೆಗೇ ಕೈ ಹಾಕಿಬಿಟ್ಟರು. ಹಿರಿಯರು ಉಣ್ಣುವ ಮೊದಲು ಯಾರೂ ಮುಟ್ಟುವಂತಿಲ್ಲ. ನೆಂಟರೆಲ್ಲ ಅಯ್ಯಯ್ಯೋ ಅಂದರು. ಅವ್ವ ಕೈ ಎತ್ತಿ ಎಲ್ಲರ ಬಾಯಿ ಮುಚ್ಚಿಸಿ, ಎಡೆಯಲ್ಲಿದ್ದ ಚೂರು ಮುದ್ದೆ ಸಾಲದೆಂದು ಒಂದು ಇಡೀ ಮುದ್ದೆ ತಂದು ಹಾಕಿದಳು.

ಮುದ್ದೆಯನ್ನು ನುಂಗಬೇಕು, ಅಗಿಯಬಾರದು. ದೊರೆ ಅಗಿದರು. ಒಂದೊಂದು ತುತ್ತನ್ನೂ ಕಣ್ಣೀರು ಸುರಿಸಿಕೊಂಡು, ಹಲ್ಲಿಗೆ ಮೆತ್ತಿಸಿಕೊಂಡು, ಬಿಡದೆ ಅಗಿದರು. ಮುಗಿಯುವ ಹೊತ್ತಿಗೆ ನಮ್ಮ ಹಿರಿಯರೆಲ್ಲ ಬಂದು, ಕಾದು, ಹೊರಟೂ ಹೋಗಿರಬೇಕು.

"ಇನ್ನೊಂದು ಹಾಕಿ ಅಮ್ಮಾ" ಅಂದರು. "ನನ್ನ ಮಗ ಒಂದಕ್ಕೇ ಏಳುವವನಲ್ಲ."

ಅವ್ವ ಇನ್ನೊಂದು ಮುದ್ದೆ ಹಾಕಿ, ಅವರ ಎದುರಿಗೇ ಕುಕ್ಕರುಗಾಲಿನಲ್ಲಿ ಕೂತು, ಸೆರಗಿನಿಂದ ಮೂಗು ಒರೆಸಿಕೊಂಡು ನನಗೆ ಹೇಳಿದಳು: "ತಮಿಳಲ್ಲಿ ಹೇಳ್ಲಾ ಈ ಅಣ್ಣಯ್ಯನಿಗೆ. ಮಗ ಬಂದ ತಕ್ಷಣ ಇಲ್ಲಿಗೆ ಕಳಿಸಲಿ, ನುಂಗೋದು ಹೆಂಗೆ ಅಂತ ನಾನೇ ಹೇಳಿಕೊಡ್ತೀನಿ. ಇವರ ಕೈಲಿ ಕಲಿತ್ರೆ ಆ ಹುಡುಗ ಸಂಕ್ರಾಂತಿವರೆಗೂ ಅಗೀತಾನೇ ಇರ್ತಾನೆ."